ಸಣ್ಣ ಬೋರ್ಡು, ಮುರುಕು ಗಾಳಿ: ನವಿಲುತೀರ್ಥದ ದಂಡೆಯ ಟಿಪ್ಪಣಿಗಳು

ನಮ್ಮ ಕಡೆಯ ಗರಡಿಗಳಲ್ಲಿ ಹುಡುಗ ಪಳಗಿದಂತೆಲ್ಲ ಅವನು ಎತ್ತುವ ಸಂಗ್ರಾಣಿ ಕಲ್ಲು ದೊಡ್ಡದಾಗುತ್ತ ಹೋಗುತ್ತದೆ. ಹಾಯಿ ಕಟ್ಟಿದ ಹಲಗೆಯ ಮೇಲೆ ನಿಂತು ನೀರಿನಲ್ಲಿ ಓಡುವ ವಿಂಡ್‌ಸರ್ಫಿಂಗ್‌ನಲ್ಲಿ ಇದು ತಿರುಗುಮುರುಗು. ಹೊಸಬನಿಗೆ ಕೊಡುವುದು 200 ಲೀಟರಿನ ಆಸುಪಾಸಿನ ಭಾರಿ ಬೋರ್ಡು. ಅದರ ಮೇಲೆ ನಿಂತು ಹಾಯಿ ಎತ್ತುವುದು, ತಿರುಗಿಸುವುದು, ಹೊರಟ ಜಾಗಕ್ಕೆ ವಾಪಸು ಬರುವುದು ಬಂತು ಅನ್ನುವಷ್ಟರಲ್ಲಿ ಆ ಬೋರ್ಡನ್ನು ಬಿಡಿಸಿ ಸಣ್ಣದನ್ನು ಕೊಡುತ್ತಾರೆ. ಇನ್ನೂ ಪಳಗಿದರೆ ಇನ್ನೂ ಸಣ್ಣದು. ಕಡೆಕಡೆಗೆ ನಿಂತರೆ ಮುಳುಗಿಹೋಗುವಷ್ಟು ಸಣ್ಣದು. ಮುಳುಗುವುದನ್ನು ದುಡ್ಡು ಕೊಟ್ಟು ಯಾಕೆ ಕೊಳ್ಳುತ್ತಾರೆ?

ಈ ಪ್ರಶ್ನೆ ನನ್ನ ತಲೆಗೆ ಹತ್ತಿದ್ದು ತಂಗಿಯ ಮಗನಿಂದ. ಗೋವಾದ ಕಡಲಲ್ಲಿ ಕಲಿತವನು. ಈಗ ಹೊಸಬನೂ ಅಲ್ಲ, ಪಳಗಿದವನೂ ಅಲ್ಲ, ನಡುವಿನವನು. ಸೊಂಟಕ್ಕೆ ಹಾರ್ನೆಸ್ ಕಟ್ಟಿಕೊಂಡು ಹಾಯಿಗೆ ಜೋತು ನಿಲ್ಲುತ್ತಾನೆ, ಕಾಲುಪಟ್ಟಿಯೊಳಗೆ ಕಾಲು ಹಾಕುತ್ತಾನೆ, ಆದರೆ ವೇಗದಲ್ಲಿ ತಿರುಗಲು ಹೋದರೆ ಬೀಳುತ್ತಾನೆ. ಊರಿಗೆ ಬಂದಾಗ ನವಿಲುತೀರ್ಥದಲ್ಲಿ ಮಲಪ್ರಭೆಗೆ ಕಟ್ಟಿದ ರೇಣುಕಾಸಾಗರ ಜಲಾಶಯ ನೋಡಿ ಅವನಿಗೊಂದು ಆಸೆ ಹುಟ್ಟಿತು: ಒಂದು ಸಣ್ಣ ಬೋರ್ಡು ಕೊಂಡು ಇಲ್ಲೇ ಇಳಿಸಬೇಕು.

"ಎಷ್ಟು ಸಣ್ಣದೋ ತಮ್ಮಾ?"

"ತೊಂಬತ್ತೈದು ಲೀಟರಿಂದು ಒಂದು ನೋಡೇನ್ರಿ ಮಾಮಾ."

ಅವತ್ತಿನಿಂದ ಬರೆದಿಟ್ಟುಕೊಂಡದ್ದು ಇದು.

*

ಲೀಟರಿನ ಲೆಕ್ಕ. ಬೋರ್ಡಿಗೆ ಲೀಟರು ಅಂದರೆ ಅದು ಪೂರ್ತಿ ಮುಳುಗಿದಾಗ ಪಕ್ಕಕ್ಕೆ ಸರಿಸುವ ನೀರು. ಸಿಹಿನೀರಿನ ಒಂದು ಲೀಟರು ಸುಮಾರು ಒಂದು ಕಿಲೋ. ಹಾಗಾಗಿ 120 ಲೀಟರಿನ ಬೋರ್ಡು ಒಟ್ಟು 120 ಕಿಲೋ ಹೊರುತ್ತದೆ, ತನ್ನ ತೂಕವನ್ನೂ ಸೇರಿಸಿ.

ಹುಡುಗನ ತೂಕ 72 ಕಿಲೋ. ಬೋರ್ಡಿನದು ಸುಮಾರು 8. ಕಂಬ, ಕೈಯಲ್ಲಿ ಹಿಡಿಯುವ ಬೂಮ್, ಹಾಯಿ ಎಲ್ಲ ಸೇರಿ 9. ಹಾರ್ನೆಸ್, ಜೀವರಕ್ಷಕ ಜಾಕೆಟ್ಟು, ನೀರು ಕುಡಿದ ಬಟ್ಟೆ ಅಂತ ಒಂದು 4 ಇಟ್ಟುಕೊಳ್ಳೋಣ. ಒಟ್ಟು 93. ತೊಂಬತ್ತೈದು ಲೀಟರಿನ ಬೋರ್ಡಿನ ಮೇಲೆ ಅವನು ಸುಮ್ಮನೆ ನಿಂತರೆ ಉಳಿಯುವುದು ಎರಡು ಕಿಲೋ ತೇಲುಬಲ. ಅಷ್ಟರಲ್ಲಿ ಒಂದು ಸಣ್ಣ ಅಲೆ ಬಂದರೂ ಮೂಗು ನೀರಿಗಿಳಿಯುತ್ತದೆ, ಬಾಲ ಮುಳುಗುತ್ತದೆ, ಹಗ್ಗ ಹಿಡಿದು ಹಾಯಿ ಎತ್ತುವ ಮಾತೇ ಇಲ್ಲ. ಅಂಥ ಬೋರ್ಡಿನ ಮೇಲೆ ಹೊರಡುವ ದಾರಿ ಒಂದೇ: ನೀರಿನಲ್ಲೇ ಮಲಗಿ, ಹಾಯಿಯ ಅಂಚನ್ನು ಗಾಳಿಗೆ ಒಡ್ಡಿ, ಗಾಳಿಯೇ ಆಳನ್ನು ಎಳೆದು ಬೋರ್ಡಿನ ಮೇಲೆ ನಿಲ್ಲಿಸಬೇಕು. ವಾಟರ್‌ಸ್ಟಾರ್ಟ್ ಅನ್ನುತ್ತಾರೆ. ಗಾಳಿ ಸಾಲದಿದ್ದರೆ ಅದೂ ಇಲ್ಲ.

ಅದೇ ಹುಡುಗ 125 ಲೀಟರಿನ ಮೇಲೆ ನಿಂತರೆ 32 ಕಿಲೋ ಕೈಯಲ್ಲಿರುತ್ತದೆ. ಅಲುಗಾಡುತ್ತದೆ, ಆದರೆ ಹೊರುತ್ತದೆ.

ಅವನು ಕಲಿತದ್ದು ಉಪ್ಪುನೀರಿನಲ್ಲಿ. ಸಮುದ್ರದ ನೀರು ಸಿಹಿನೀರಿಗಿಂತ ನೂರಕ್ಕೆ ಎರಡೂವರೆಯಷ್ಟು ಭಾರ. ಗೋವಾದಲ್ಲಿ 123 ಕಿಲೋ ಹೊರುವ 120 ಲೀಟರಿನ ಬೋರ್ಡು ಮಲಪ್ರಭೆಯಲ್ಲಿ ಹೊರುವುದು 120. ದೊಡ್ಡ ಬೋರ್ಡಿಗೆ ಮೂರು ಕಿಲೋ ಏನೂ ಅಲ್ಲ. ಎರಡೇ ಕಿಲೋ ಉಳಿತಾಯವಿರುವವನಿಗೆ ಅದೇ ಮುಳುಗುವುದಕ್ಕೂ ತೇಲುವುದಕ್ಕೂ ಇರುವ ಅಂತರ.

*

ಹಾಗಿದ್ದರೂ ಸಣ್ಣದು ಯಾಕೆ ಬೇಕು?

"ಮಾಮಾ, ಗಾಳಿ ಜೋರಾದಾಗ ದೊಡ್ಡ ಬೋರ್ಡು ಮಾತು ಕೇಳಂಗಿಲ್ರಿ. ಮೂಗು ಎತ್ತತೈತಿ, ಕುಣೀತೈತಿ, ಕಾಲಾಗ ನಿಲ್ಲಂಗಿಲ್ಲ."

ನಿಧಾನಕ್ಕೆ ಹೋಗುವಾಗ ಬೋರ್ಡು ನೀರನ್ನು ಸೀಳುತ್ತ, ತಾನೇ ಎಬ್ಬಿಸಿದ ಅಲೆಯ ನಡುವೆ ಸಿಕ್ಕಿಕೊಂಡು ಸಾಗುತ್ತದೆ. ಎರಡೂವರೆ ಮೀಟರು ಉದ್ದದ ತೇಲುವ ವಸ್ತುವಿಗೆ ಈ ಸ್ಥಿತಿಯಲ್ಲಿ ಗಂಟೆಗೆ ಏಳು ಕಿಲೋಮೀಟರಿನ ಆಸುಪಾಸೇ ಮಿತಿ. ಗಾಳಿಯ ಒತ್ತಡ ಹೆಚ್ಚಿ ಆ ಅಲೆಯನ್ನು ಹತ್ತಿ ದಾಟಿದರೆ ಬೋರ್ಡು ನೀರಿನ ಮೇಲ್ಮೈಗೆ ಎದ್ದುಬಿಡುತ್ತದೆ. ಇದು ಪ್ಲೇನಿಂಗ್. ಆಗ ಆಳನ್ನು ಹೊರುವುದು ಲೀಟರಲ್ಲ, ವೇಗ. ನೀರಿಗೆ ತಾಗುವುದು ಬಾಲದ ಕಡೆಯ ಒಂದಿಷ್ಟು ಜಾಗ ಮಾತ್ರ. ಉಳಿದದ್ದೆಲ್ಲ ಗಾಳಿಗೆ ಸಿಕ್ಕು ಹಾರಾಡುವ ಹೆಚ್ಚುವರಿ ಹಲಗೆ. ಅದನ್ನು ಕಡಿಮೆ ಮಾಡಿದರೆ ಬೋರ್ಡು ಕಾಲಿನ ಮಾತು ಕೇಳುತ್ತದೆ, ತಿರುವಿನಲ್ಲಿ ಅಂಚು ಕಚ್ಚುತ್ತದೆ.

ಅಂದರೆ ಸಣ್ಣ ಬೋರ್ಡು ಓಡುತ್ತಿರುವಾಗಷ್ಟೇ ತೇಲುವ ಬೋರ್ಡು. ಇಷ್ಟು ತಿಳಿದ ಮೇಲೆ ನನ್ನ ಗೊಂದಲ ಅರ್ಧ ಕರಗಿತು. ಇನ್ನರ್ಧ ಗಾಳಿಯದು.

*

ಈ ಆಟದ ಮೊದಲ ಪ್ರಸಿದ್ಧ ಬೋರ್ಡು ಸಣ್ಣದಾಗಿರಲಿಲ್ಲ. ಕ್ಯಾಲಿಫೋರ್ನಿಯಾದ ಜಿಮ್ ಡ್ರೇಕ್ ಮತ್ತು ಹೊಯ್ಲ್ ಶ್ವೈಟ್ಜರ್ 1968ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ ಕಲ್ಪನೆಯಿಂದ ಬಂದ 'ವಿಂಡ್‌ಸರ್ಫರ್' ಹನ್ನೆರಡು ಅಡಿ ಉದ್ದ. ಬುಡದಲ್ಲಿ ಎಲ್ಲ ದಿಕ್ಕಿಗೂ ಬಾಗುವ ಕೀಲಿನ ಮೇಲೆ ಹಾಯಿಕಂಬ ನಿಲ್ಲಿಸಿದ್ದೇ ಅದರ ವಿಶೇಷ. ಚುಕ್ಕಾಣಿ ಇಲ್ಲ, ಹಾಯಿಯನ್ನು ಹಿಂದೆ ಮುಂದೆ ಬಾಗಿಸಿಯೇ ದಿಕ್ಕು ಹಿಡಿಯಬೇಕು. ಹವಾಯಿಯ ಕೈಲುವಾದ ಹುಡುಗರು 1970ರ ದಶಕದ ಕೊನೆಗೆ ಅದಕ್ಕೆ ಕಾಲುಪಟ್ಟಿ ಹಾಕಿದರು. ಆಮೇಲೆ ಉದ್ದ ಕತ್ತರಿಸುತ್ತ ಬಂದರು. ಅವರಿಗೆ ಅದು ಸಾಧ್ಯವಾದದ್ದು ವಾಣಿಜ್ಯ ಮಾರುತದಿಂದ. ಆ ಗಾಳಿ ಕಡಲ ಮೇಲಿನಿಂದ ಅಡೆತಡೆಯಿಲ್ಲದೆ ಬರುತ್ತದೆ, ಇಡೀ ಮಧ್ಯಾಹ್ನ ಹೆಚ್ಚು ಏರಿಳಿತವಿಲ್ಲದೆ ಬೀಸುತ್ತದೆ. ಸಣ್ಣ ಬೋರ್ಡು ಹುಟ್ಟಿದ್ದು ಅಂಥ ಗಾಳಿಯ ಮಡಿಲಲ್ಲಿ.

ಅತಿ ಸಣ್ಣದರ ತುದಿ ನೋಡಬೇಕೆಂದರೆ ನಮೀಬಿಯಾದ ಲೂಡೆರಿಟ್ಜ್. ಮರುಭೂಮಿಯ ಅಂಚಿನಲ್ಲಿ ವೇಗಕ್ಕೆಂದೇ ತೋಡಿದ ಕಾಲುವೆಯಲ್ಲಿ ಫ್ರಾನ್ಸಿನ ಆಂಟ್ವಾನ್ ಆಲ್ಬೋ 2015ರಲ್ಲಿ 53.27 ನಾಟ್ ವೇಗ ಮುಟ್ಟಿದ. ಗಂಟೆಗೆ 98 ಕಿಲೋಮೀಟರಿಗೂ ಮಿಕ್ಕು. ಆ ಕಿರಿದಾದ ಬೋರ್ಡು ನಮ್ಮ ಹಿನ್ನೀರಿಗೆ ಬಂದರೆ ಎದ್ದೇಳುವುದೇ ಇಲ್ಲ.

*

ಇನ್ನೊಂದು ಒಗಟು. ಒಲಿಂಪಿಕ್ಸ್‌ಗೆ ಹೋಗುವವರು ಜಗತ್ತಿನ ಅತ್ಯುತ್ತಮರು. ಅವರ ಬೋರ್ಡು ಅತಿ ಸಣ್ಣದಾಗಿರಬೇಕಲ್ಲ? ಹಾಗಿಲ್ಲ. 2008ರಿಂದ ಟೋಕಿಯೊದವರೆಗೆ ಬಳಸಿದ ಆರ್‌ಎಸ್:ಎಕ್ಸ್ ಬೋರ್ಡು 286 ಸೆಂಟಿಮೀಟರು ಉದ್ದ, 93 ಅಗಲ, 236 ಲೀಟರು. ಗಂಡಸರ ಹಾಯಿ ಒಂಬತ್ತೂವರೆ ಚದರ ಮೀಟರು. 2023ರ ಸೆಪ್ಟೆಂಬರಿನಲ್ಲಿ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ನಮ್ಮ ದೇಶದ ಇಬಾದ್ ಅಲಿ ಕಂಚು ಗೆದ್ದದ್ದು ಇದೇ ಬೋರ್ಡಿನ ಮೇಲೆ. ಪ್ಯಾರಿಸ್ 2024ಕ್ಕೆ ಬಂದ ಐಕ್ಯೂಫಾಯಿಲ್ ಉದ್ದದಲ್ಲಿ 220 ಸೆಂಟಿಮೀಟರಿಗೆ ಇಳಿಯಿತು, ಅಗಲ ಮಾತ್ರ 95ಕ್ಕೆ ಏರಿತು. ಅದು ಫಾಯಿಲ್ ಅನ್ನುವ ನೀರಿನಡಿಯ ರೆಕ್ಕೆಯ ಮೇಲೆ ಪೂರ್ತಿ ಎದ್ದು ಓಡುತ್ತದೆ, ಆದರೂ ಬೋರ್ಡು 196 ಲೀಟರು.

ಕಾರಣ ಸರಳ. ಸ್ಪರ್ಧೆಯ ದಿನ ಗಾಳಿ ಎಷ್ಟಿರುತ್ತದೆಂದು ಯಾರೂ ಬರೆದುಕೊಟ್ಟಿರುವುದಿಲ್ಲ. ಮಂದ ಗಾಳಿಯಲ್ಲೂ ಓಡಬೇಕು, ಜೋರಿನಲ್ಲೂ ಓಡಬೇಕು. ಹಾಗಾಗಿ ಅತ್ಯುತ್ತಮರು ದೊಡ್ಡದನ್ನು ಹಿಡಿದರು. ಬೋರ್ಡಿನ ಅಳತೆಯನ್ನು ಆಳಿನ ದರ್ಜೆ ಅಂತ ಓದುವುದು ತಪ್ಪು. ಅದು ಗಾಳಿಗೆ ಕೊಟ್ಟ ಉತ್ತರ.

ನಮ್ಮ ಗಾಳಿ ಕೇಳುವ ಪ್ರಶ್ನೆ ಯಾವುದು?

*

ನವಿಲುತೀರ್ಥ. ಮಲಪ್ರಭೆ ಕಣಕುಂಬಿಯಲ್ಲಿ ಹುಟ್ಟಿ, ಖಾನಾಪುರದ ಕಾಡು ದಾಟಿ, ಬೈಲಹೊಂಗಲದ ಎರೆಭೂಮಿಯಲ್ಲಿ ಹರಿದು, ಇಲ್ಲಿ ಗುಡ್ಡದ ಸಾಲನ್ನು ಸೀಳಿಕೊಂಡು ಹೊರಬೀಳುತ್ತಾಳೆ. ಆ ಇಕ್ಕಟ್ಟಿನಲ್ಲೇ 1970ರ ದಶಕದ ಮೊದಲ ಭಾಗದಲ್ಲಿ ಅಣೆಕಟ್ಟು ಎದ್ದಿತು. ಕಟ್ಟಿದ ಗೋಡೆ ಸಣ್ಣದು, ನಿಂತ ನೀರು ಅಪಾರ: ಪೂರ್ಣ ಮಟ್ಟ 633.80 ಮೀಟರು, ಹಳೆಯ ಲೆಕ್ಕದಲ್ಲಿ 2079.50 ಅಡಿ, ಸಂಗ್ರಹ 37.73 ಟಿಎಂಸಿ. ಹುಬ್ಬಳ್ಳಿ-ಧಾರವಾಡದ ಜನ ಕುಡಿಯುವುದೂ ಇದನ್ನೇ.

ಗಾಳಿ ಯಾವಾಗ? ಆಷಾಢ. ಮಿರಗ ಮಳೆ ಹಿಡಿಯುವ ಹೊತ್ತಿಗೆ ಪಡುವಣ ಗಾಳಿ ಶುರುವಾಗಿ ಆರಿದ್ರಾ, ಪುನರ್ವಸು, ಪುಷ್ಯದ ಉದ್ದಕ್ಕೂ ಬೀಸುತ್ತದೆ. ಬಾಗಿಲು ಹಾಕಿದರೂ ಮನೆಯೊಳಗೆ ಕೇಳುವ ಗಾಳಿ. ಕರ್ನಾಟಕದ ಗಾಳಿಯಂತ್ರಗಳು ವರ್ಷದಲ್ಲಿ ಹೆಚ್ಚು ವಿದ್ಯುತ್ತು ಕೊಡುವುದೂ ಜೂನ್‌ನಿಂದ ಆಗಸ್ಟ್‌ವರೆಗಿನ ಈ ತಿಂಗಳುಗಳಲ್ಲೇ.

ನೀರು ಯಾವಾಗ? ಜೂನ್‌ನಲ್ಲಿ ಜಲಾಶಯ ಬೇಸಿಗೆ ಕಳೆದು ಬಸವಳಿದಿರುತ್ತದೆ. ಖಾನಾಪುರದ ಕಡೆ ಮಳೆ ಬಿದ್ದು, ಹೊಳೆ ಕೆಂಪಾಗಿ, ಆ ನೀರು ಬಂದು ಮಟ್ಟ ಏರಬೇಕು. ಒಳ್ಳೆಯ ವರ್ಷವಾದರೆ ಆಶ್ಲೇಷ, ಮಘಾ ಮಳೆಯ ಹೊತ್ತಿಗೆ ತುಂಬುತ್ತದೆ. ಆಗ ಗಾಳಿಯ ಮೊದಲ ಜೋರು ಕಳೆದಿರುತ್ತದೆ. ಕೆರೆ ತುಂಬಿ ಕನ್ನಡಿಯಾಗಿರುವ ದಸರೆಯ ದಿನಗಳಲ್ಲಿ ಎಲೆ ಅಲುಗುವುದೇ ಕಷ್ಟ.

ಗಾಳಿ ಇದ್ದಾಗ ನೀರಿಲ್ಲ, ನೀರು ಇದ್ದಾಗ ಗಾಳಿ ಇಲ್ಲ. ಎರಡೂ ಕೂಡುವುದು ಶ್ರಾವಣದ ಆಸುಪಾಸಿನ ಕೆಲವೇ ವಾರ. ವರ್ಷದ ಬಾಕಿ ದಿನಗಳ ಮಂದ ಗಾಳಿಯಲ್ಲಿ 95 ಲೀಟರಿನ ಬೋರ್ಡು ಗೋಡೆಗೆ ಒರಗಿಸಿಡುವ ಸಾಮಾನು.

ನೀರು ಕಡಿಮೆ ಇರುವಾಗಿನ ದಂಡೆಯ ಬಗ್ಗೆಯೂ ಬರೆದಿಡಬೇಕು. ನೀರು ಹಿಂದೆ ಸರಿದ ಜಾಗವೆಲ್ಲ ಎರೆಮಣ್ಣು. ಮೇಲೆ ಒಣಗಿ ಬಿರುಕು ಬಿಟ್ಟಂತೆ ಕಂಡರೂ ನೀರಿನಂಚಿಗೆ ಬಂದರೆ ಮೊಳಕಾಲು ಹೂತುಹೋಗುತ್ತದೆ. ಮುಳುಗಿ ಎದ್ದ ಜಾಲಿಯ ಬೊಡ್ಡೆಗಳು, ಮೀನುಗಾರರ ಬಲೆಗಳು. ಬೋರ್ಡಿನ ಅಡಿಗಿರುವ ಫಿನ್ ದೊಡ್ಡ ಬೋರ್ಡಿಗಾದರೆ 40-50 ಸೆಂಟಿಮೀಟರು ಕೆಳಗಿಳಿಯುತ್ತದೆ, ಸಣ್ಣದಕ್ಕೆ ಕಡಿಮೆ. ಇದೊಂದು ವಿಷಯದಲ್ಲಿ ಸಣ್ಣ ಬೋರ್ಡಿಗೆ ಅಂಕ ಕೊಡಬೇಕು. ಫಾಯಿಲ್ ಬೋರ್ಡಿನ ರೆಕ್ಕೆಯಂತೂ ಹೆಚ್ಚು ಕಡಿಮೆ ಒಂದು ಮೀಟರು ಆಳಕ್ಕಿರುತ್ತದೆ, ಬೇಸಿಗೆಯಲ್ಲಿ ಇಲ್ಲಿಗೆ ತರುವುದೇ ಬೇಡ.

*

ದಂಡೆಯಲ್ಲಿ ಬಲೆ ಸರಿಮಾಡುತ್ತಿದ್ದ ಮೀನುಗಾರರೊಬ್ಬರನ್ನು ಗಾಳಿಯ ಬಗ್ಗೆ ಕೇಳಿದೆ.

"ಗಾಳಿ ಎಲ್ಲಾ ಕಡೆ ಒಂದ ನಮೂನಿ ಇರಂಗಿಲ್ರೀ ಸರ. ಗುಡ್ಡದ ಬಾಯಾಗ ಒಂದು, ನಡು ನೀರಾಗ ಒಂದು. ಒಮ್ಮೆ ತಳ್ಳತೈತಿ, ಒಮ್ಮೆ ಕೈ ಬಿಡತೈತಿ."

ಅವರ ತೆಪ್ಪ ಗುಂಡಗೆ, ಚಪ್ಪಟೆ, ಕೈ ಬಿಟ್ಟರೂ ಮುಳುಗುವುದಿಲ್ಲ. ಮುರುಕು ಗಾಳಿಯಲ್ಲಿ ದುಡಿಯುವವರು ತೇಲುವುದನ್ನೇ ಆರಿಸಿಕೊಂಡಿದ್ದಾರೆ. ಜೋಳದ ರಾಶಿ ತೂರಿದ ರೈತರಿಗೂ ಇದು ಗೊತ್ತು. ಗಾಳಿ ಬಂತೆಂದು ಮೊರ ಎತ್ತಿದೊಡನೆ ಅದು ನಿಂತು ಹೊಟ್ಟೆಲ್ಲ ಕಾಳಿನ ಮೇಲೇ ಬೀಳುತ್ತದೆ. ಅವರು ಮೊದಲ ಬೀಸನ್ನು ನಂಬುವುದಿಲ್ಲ, ಹೊಲದಾಚೆಯ ಗಿಡದ ತುದಿ ಬಾಗುವುದನ್ನು ನೋಡಿಕೊಂಡು ಕೈ ಎತ್ತುತ್ತಾರೆ.

ಇದರ ಹಿಂದಿನ ಲೆಕ್ಕವನ್ನು ಹುಡುಗನಿಗೆ ಬಿಡಿಸಿ ಹೇಳಿದೆ. ಗಾಳಿಯ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 12 ನಾಟ್ ಇದ್ದದ್ದು 18 ಆದರೆ ವೇಗ ಒಂದೂವರೆ ಪಟ್ಟು, ಹಾಯಿಯ ಮೇಲಿನ ಬಲ ಎರಡೂಕಾಲು ಪಟ್ಟು. ಗುಡ್ಡ, ಕಣಿವೆ, ದಂಡೆಯ ಗಿಡಗಳನ್ನು ಬಳಸಿ ಬರುವ ಗಾಳಿ ಈ ಎರಡರ ನಡುವೆ ನಿಮಿಷಕ್ಕೊಮ್ಮೆ ಓಲಾಡುತ್ತದೆ. 18ರಲ್ಲಿ ಎದ್ದು ಓಡುತ್ತಿರುವ ಸಣ್ಣ ಬೋರ್ಡು 12ಕ್ಕೆ ಇಳಿದ ಗಳಿಗೆಯಲ್ಲಿ ನೀರಿಗೆ ಕೂರುತ್ತದೆ. ಕೂತರೆ ಮುಳುಗುತ್ತದೆ. ಅಗಲವಾದ ಬೋರ್ಡು ಮುಂದಿನ ಬೀಸಿನವರೆಗೆ ಜಾರಿಕೊಂಡು ಹೋಗುತ್ತದೆ.

"ಹಂಗಾರ ಗಾಳಿ ನಿಂತ್ರ ಹೆಂಗ ವಾಪಸ್ ಬರ್ತಿ?"

ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ: "ಈಜಿಕೊಂಡ ಬರಬೇಕ್ರಿ ಮಾಮಾ."

ಪಡುವಣ ಗಾಳಿ ಬಹುಮಟ್ಟಿಗೆ ಹಿನ್ನೀರಿನಿಂದ ಅಣೆಕಟ್ಟಿನ ಕಡೆಗೆ ತಳ್ಳುತ್ತದೆ. ಗೇಟು ತೆರೆದಿರುವ ಶ್ರಾವಣದಲ್ಲಿ, ಮುಳುಗುವ ಬೋರ್ಡು ಹಿಡಿದು, ಅಣೆಕಟ್ಟಿನ ಕಡೆಗೆ ತೇಲುತ್ತಿರುವವನನ್ನು ನೆನೆಸಿಕೊಂಡರೆ ನನ್ನ ಎದೆ ಹೊಡೆದುಕೊಳ್ಳುತ್ತದೆ. ಕಾಪಾಡಲು ಮೋಟಾರು ದೋಣಿಯೊಂದು ಕಣ್ಣೆದುರು ನಿಂತಿಲ್ಲದಿದ್ದರೆ ಇಳಿಯುವ ಮಾತೇ ಎತ್ತಬಾರದು.

*

ಎತ್ತರವೂ ಒಂದು ಪಾಲು ತೆಗೆದುಕೊಳ್ಳುತ್ತದೆ. ಸಮುದ್ರಮಟ್ಟದಿಂದ 630 ಮೀಟರು ಮೇಲೆ ಗಾಳಿ ನೂರಕ್ಕೆ ಆರರಷ್ಟು ತೆಳು. ಅದೇ ವೇಗದ ಗಾಳಿ ಇಲ್ಲಿ ಅಷ್ಟು ಕಡಿಮೆ ತಳ್ಳುತ್ತದೆ. ಗೋವಾದಲ್ಲಿ 6 ಚದರ ಮೀಟರಿನ ಹಾಯಿ ಸಾಕಾದ ಕಡೆ ಇಲ್ಲಿ ಆರೂವರೆಯ ಹತ್ತಿರ ಬೇಕು. ಸಿಹಿನೀರು ಕಡಿಮೆ ಹೊರುತ್ತದೆ, ತೆಳುಗಾಳಿ ಕಡಿಮೆ ಎಳೆಯುತ್ತದೆ, ಗುಡ್ಡ ಗಾಳಿಯನ್ನು ಮುರಿಯುತ್ತದೆ. ಮೂರೂ ಒಂದೇ ದಿಕ್ಕಿಗೆ ಕೈ ತೋರಿಸುತ್ತವೆ.

*

ಸುತ್ತಲ ಊರುಗಳು. ರಾಮದುರ್ಗದಲ್ಲಿ ಇದೇ ಹೊಳೆ ಇದೆ, ಆದರೆ ಅಲ್ಲಿ ಅದು ಹೊಳೆ ಮಾತ್ರ. ಅಡ್ಡಾಡಲು ಅಗಲವಿಲ್ಲ, ಅಣೆಕಟ್ಟಿನಿಂದ ಬಿಟ್ಟ ನೀರಿನ ಮೇಲೆ ಅದರ ಬದುಕು. 2019ರ ಆಗಸ್ಟಿನಲ್ಲಿ ಊರೊಳಗೆ ನುಗ್ಗಿದ ನೀರನ್ನು ಕಂಡ ರಾಮದುರ್ಗದವರಿಗೆ ಹೊಳೆಯಲ್ಲಿ ಆಟದ ಮಾತು ಹೇಳಲು ನನಗೆ ಮನಸ್ಸಿಲ್ಲ. ಬೈಲಹೊಂಗಲದ ಕಡೆಯ ಹಿನ್ನೀರು ತುಂಬಿದಾಗ ಚೆಂದ, ಬೇಗ ಆಳ ಕಳೆದುಕೊಳ್ಳುತ್ತದೆ.

ಕಿತ್ತೂರಿನ ತುಂಬುಕೆರೆ ಬೇರೆ ಮಾತು. ಅಲ್ಲಿ ಓಡಲು ದೂರವಿಲ್ಲ, ಕಳೆದುಹೋಗಲು ಜಾಗವೂ ಇಲ್ಲ. ದೊಡ್ಡ ಬೋರ್ಡು, ಸಣ್ಣ ಹಾಯಿ, ಮಂದ ಗಾಳಿ, ಎದುರಿಗೇ ದಂಡೆ. ಮೊದಲ ಪಾಠಕ್ಕೆ ಇದಕ್ಕಿಂತ ಬೇರೇನು ಬೇಕು? ಅಕ್ಟೋಬರ್ 23ರಿಂದ ನಡೆಯುವ ಕಿತ್ತೂರು ಉತ್ಸವದಲ್ಲಿ ಒಂದೆರಡು ಕಲಿಕೆಯ ಬೋರ್ಡುಗಳನ್ನು ಅಲ್ಲಿ ಇಳಿಸಿದರೆ ನಮ್ಮ ಹುಡುಗ ಹುಡುಗಿಯರು ಗಾಳಿಯನ್ನು ಕೈಯಲ್ಲಿ ಹಿಡಿದು ನೋಡುತ್ತಾರೆ. ಆ ಹೊತ್ತಿನ ಮಂದಗಾಳಿ ಹೊಸಬರಿಗೆ ವರವೇ.

*

ಕರ್ನಾಟಕದಲ್ಲಿ ಜಲಾಶಯದ ಹಿನ್ನೀರಿನಲ್ಲೇ ಈ ಆಟ ನಡೆದ ಕಡೆ ಅಂದರೆ ಸಾಗರ ತಾಲ್ಲೂಕಿನ ಹೊನ್ನೆಮರಡು. ಲಿಂಗನಮಕ್ಕಿಯ ಹಿನ್ನೀರು, ನಡುವೆ ದ್ವೀಪ, ಸುತ್ತ ಕಾಡು. ಹರಿಗೋಲು, ಕಯಾಕ್‌ಗಳ ಜೊತೆ ಅಲ್ಲಿ ಹಾಯಿಹಲಗೆಯೂ ಇತ್ತು. ನಾನು ಕಂಡಾಗ ಅದರ ಮೇಲಿದ್ದವನು ಪಳಗಿದ ಆಳು, ಅವನ ಕಾಲಡಿಯ ಬೋರ್ಡು ಮಾತ್ರ ದೊಡ್ಡದೇ. ಆಗ ಅದು ನನಗೆ ಸೋಜಿಗವಾಗಿತ್ತು. ದ್ವೀಪದ ಮರೆಗೆ ಹೋದೊಡನೆ ಹಾಯಿ ಸಪ್ಪೆಯಾಗಿ ನಿಂತದ್ದು, ಆತ ನಿಶ್ಚಿಂತೆಯಿಂದ ನಿಂತೇ ಕಾದದ್ದು, ಮತ್ತೆ ಗಾಳಿ ಸಿಕ್ಕಿ ಹೊರಟದ್ದು ಈಗ ಅರ್ಥವಾಗುತ್ತದೆ.

*

ಹುಡುಗನಿಗೆ ಕೊಟ್ಟ ತೀರ್ಮಾನವನ್ನು ಅವನಂತೆ ನಡುಹಂತದಲ್ಲಿರುವ ಬೇರೆಯವರಿಗೂ ಉಪಯೋಗವಾಗಲೆಂದು ಇಲ್ಲಿ ಬರೆಯುತ್ತೇನೆ.

ಮೊದಲು ಬೋರ್ಡು ಬೇಡ, ಹಾಯಿ ಕೊಳ್ಳಿ. ದೊಡ್ಡ ಬೋರ್ಡು ಮಾತು ಕೇಳುತ್ತಿಲ್ಲ ಅನ್ನುವ ದೂರಿನಲ್ಲಿ ಅರ್ಧ ತಪ್ಪು ಹಾಯಿಯದು. 72 ಕಿಲೋದವನಿಗೆ 13 ನಾಟ್ ಗಾಳಿಗೆ ಏಳೂವರೆ ಚದರ ಮೀಟರು ಸರಿಹೋದರೆ 18 ನಾಟ್‌ಗೆ ಐದೂವರೆ ಸಾಕು. ಏಳೂವರೆಯನ್ನೇ ಹಿಡಿದು 18ರಲ್ಲಿ ನಿಂತರೆ ಯಾವ ಬೋರ್ಡೂ ಕುಣಿಯುತ್ತದೆ. ಸಣ್ಣ ಹಾಯಿ ಕಟ್ಟಿ ನೋಡಿದ ಮೇಲೂ ಬೋರ್ಡು ಹಾರಾಡಿದರೆ ಆಗ ಬೋರ್ಡಿನ ಮಾತು.

ಬೋರ್ಡನ್ನು ಒಂದೇ ಮೆಟ್ಟಿಲು ಇಳಿಸಿ. 160ರಲ್ಲಿ ಇರುವವರು 125-130ಕ್ಕೆ ಬನ್ನಿ. ತೂಕಕ್ಕೆ ಐವತ್ತು ಲೀಟರಿನಷ್ಟು ಕೂಡಿಸಿದರೆ ಬರುವ ಸಂಖ್ಯೆ ನಮ್ಮ ಕೆರೆಗಳಿಗೆ ಹೊಂದುತ್ತದೆ. ಲೀಟರನ್ನಷ್ಟೇ ನೋಡಬೇಡಿ, ಅಗಲವನ್ನೂ ನೋಡಿ. ಒಂದೇ ಲೀಟರಿನ ಎರಡು ಬೋರ್ಡುಗಳಲ್ಲಿ ಅಗಲವಾದದ್ದು ಮಂದ ಗಾಳಿಯಲ್ಲಿ ಮೊದಲು ಎದ್ದೇಳುತ್ತದೆ, ಬೀಸು ನಿಂತಾಗ ಕೊನೆಯವರೆಗೆ ಓಡುತ್ತದೆ. ವಾಟರ್‌ಸ್ಟಾರ್ಟ್ ಹತ್ತಕ್ಕೆ ಒಂಬತ್ತು ಸಲ ಬರುವವರೆಗೆ ತೂಕಕ್ಕಿಂತ ಕೇವಲ ಇಪ್ಪತ್ತು ಲೀಟರು ಹೆಚ್ಚಿರುವ ಬೋರ್ಡನ್ನು ಮುಟ್ಟಬೇಡಿ. ಕೊಳ್ಳುವ ಮೊದಲು ಅದೇ ಅಳತೆಯದನ್ನು ಯಾರದಾದರೂ ಕೇಳಿ ಪಡೆದು ಒಂದು ಕೆಟ್ಟ ಗಾಳಿಯ ದಿನ ಓಡಿಸಿ. ಒಳ್ಳೆಯ ಗಾಳಿಯ ದಿನ ಎಲ್ಲ ಬೋರ್ಡೂ ಒಳ್ಳೆಯದೇ.

ಇಳಿಯುವ ಮುನ್ನ ನೀರಿನ ಮೇಲ್ಮೈ ಓದಿ. ಅಲ್ಲಲ್ಲಿ ಬಿಳಿನೊರೆ ಕಾಣತೊಡಗಿದರೆ ಗಾಳಿ ಸುಮಾರು 12 ನಾಟ್. ನೊರೆ ಒಂದು ಕಡೆ ಇದ್ದು ಇನ್ನೊಂದು ಕಡೆ ನೀರು ನುಣ್ಣಗಿದ್ದರೆ ಅದು ಮುರುಕು ಗಾಳಿ, ದೊಡ್ಡ ಬೋರ್ಡಿನ ದಿನ. ವೈಶಾಖದ ಸಂಜೆ ಮೋಡ ಕಪ್ಪಾಗಿ ಅಡ್ಡಮಳೆಯ ಗಾಳಿ ಎದ್ದರೆ ಯಾವ ಬೋರ್ಡಿನ ದಿನವೂ ಅಲ್ಲ, ದಂಡೆ ಸೇರಿ.

ರೇಣುಕಾಸಾಗರ ಎರಡು ದೊಡ್ಡ ಊರುಗಳ ಕುಡಿಯುವ ನೀರು. ನೀರಾವರಿ ನಿಗಮದ ಅನುಮತಿ ಪಡೆಯದೆ, ಅಣೆಕಟ್ಟಿನಿಂದ ದೂರದ ದಂಡೆ ಗೊತ್ತುಮಾಡಿಕೊಳ್ಳದೆ, ಜಾಕೆಟ್ಟು ತೊಡದೆ, ಜೊತೆಗೊಂದು ದೋಣಿ ಇಟ್ಟುಕೊಳ್ಳದೆ ಇಳಿಯಬೇಡಿ. ಮೀನುಗಾರರ ಬಲೆ ಎಲ್ಲಿದೆಯೆಂದು ಅವರನ್ನೇ ಕೇಳಿ, ಅವರ ಜಾಗ ಬಿಟ್ಟು ಓಡಿಸಿ.

ಹುಡುಗ 95 ಲೀಟರಿನ ಬೋರ್ಡು ಬಿಟ್ಟಿದ್ದಾನೆ. ಐದೂವರೆಯ ಹಾಯಿ ಕೊಂಡಿದ್ದಾನೆ. ಬರುವ ಶ್ರಾವಣಕ್ಕೆ 125 ಲೀಟರಿನದನ್ನು ಯಾರಿಂದಲಾದರೂ ಎರವಲು ತಂದು ನೋಡುವುದು ಅಂತ ಆಗಿದೆ.